ಲಾರಿಯ ಹಗ್ಗ, ಜಿಮ್ಮಿನ ಹಗ್ಗ

ನಂಬಬೇಡಿ. ಧೈರ್ಯವಿದ್ದರೆ ಇದರಲ್ಲಿ ಒಂದು ಮಾತನ್ನೂ ನಂಬದೆ ಓದಿ ಮುಗಿಸಿ ನೋಡೋಣ. ಎಪ್ಪತ್ತೆರಡು ತುಂಬಿದ ನಾನು, ಮೊಣಕಾಲಿನ ಮೇಲಕ್ಕೆ ಲುಂಗಿ ಎತ್ತಿ ಕಟ್ಟಿಕೊಂಡು, ಕೊಟ್ಟೂರಿನ ಜಿಮ್ಮೊಂದರಲ್ಲಿ ಹತ್ತು ಕನ್ನಡಿಗಳ ಎದುರು, ನನ್ನ ಅರ್ಧ ವಯಸ್ಸೂ ಆಗದ ಕೋಚನ್ನು ಹಗ್ಗದ ಕಸರತ್ತಿನಲ್ಲಿ ಸೋಲಿಸಿದೆ. ಅವನ ತೋಳು ನನ್ನ ತೊಡೆಯಷ್ಟು ದಪ್ಪ ಇತ್ತು. ಆ ತೋಳಿನ ಮೇಲೆ ಬಾಯಿ ತೆರೆದ ಹುಲಿಯ ಹಚ್ಚೆ. ಕೊನೆಗೆ ಆ ಹುಲಿ ಕಂಬ ತಬ್ಬಿಕೊಂಡು ನಿಂತಿತ್ತು.

ಆದರೆ ನನ್ನನ್ನು ಬರೆಯಲು ಕೂರಿಸಿರುವುದು ಆ ಗೆಲುವಲ್ಲ, ಸಿಟ್ಟು. ವರ್ಷ ಕಳೆಯುತ್ತಾ ಬಂದರೂ ಆರಿಲ್ಲ.

ನನ್ನ ಸೊಸೆ ಚಿಗಟೇರಿ ಕಡೆಯ ಹೆಣ್ಣುಮಗಳು. ಡಿಗ್ರಿ ಓದಿದ್ದಾಳೆ, ನಾಲ್ಕು ವರ್ಷದ ಮಗಳ ತಾಯಿ. ಪೊಲೀಸ್ ಆಗಬೇಕೆಂಬುದು ಅವಳ ಹಟ. ಬರವಣಿಗೆಯ ಪರೀಕ್ಷೆ ಪಾಸಾಗಿತ್ತು. ಓಟ, ಜಿಗಿತ ಎರಡರಲ್ಲೂ ಅವಳನ್ನು ಹಿಡಿಯುವವರಿಲ್ಲ. ಕೆಡಿಸುತ್ತಿದ್ದುದು ಗುಂಡು ಎಸೆತ. ಹಿಂದಿನ ಸಲ ಆ ಕಬ್ಬಿಣದ ಗುಂಡು ಗೆರೆಗಿಂತ ಒಂದು ಗೇಣು ಈಚೆ ಬಿತ್ತು. ಒಂದು ಗೇಣು! ಈ ಸಲ ತಪ್ಪಿದರೆ ಮತ್ತೆ ಅರ್ಜಿ ಹಾಕಲು ವಯಸ್ಸು ಮೀರುತ್ತದೆ. ಇದೇ ಕೊನೆಯ ಅವಕಾಶ ಎಂದು ನಮ್ಮ ಮನೆಯ ಗೋಡೆಗೂ ಗೊತ್ತಿತ್ತು.

ತೋಳು, ಹೆಗಲು, ಸೊಂಟ, ಕಾಲು ಎಲ್ಲಕ್ಕೂ ಒಟ್ಟಿಗೆ ಬಲ ಬರಬೇಕಾದರೆ ಬ್ಯಾಟಲ್ ರೋಪ್ ಎಂಬ ದಪ್ಪ ಹಗ್ಗವನ್ನು ಎತ್ತಿ ನೆಲಕ್ಕೆ ಹೊಡೆಯಬೇಕು ಎಂದು ಅವಳ ಜೊತೆ ಓದಿದ ಗೆಳತಿ ಹೇಳಿದ್ದಳಂತೆ. ಇದೂ ನನಗೆ ನೇರ ತಿಳಿದಿದ್ದಲ್ಲ. ಮದುವೆಯಾಗಿ ಆರು ವರ್ಷವಾದರೂ ಸೊಸೆ ನನ್ನ ಹತ್ತಿರ ಮಾತಾಡಿದವಳಲ್ಲ. ನಾನು ಪಡಸಾಲೆಗೆ ಬಂದರೆ ಸೆರಗು ತಲೆಗೇರುತ್ತಿತ್ತು, ಕೂತಿದ್ದರೆ ಏಳುತ್ತಿದ್ದಳು. ಹೇಳುವುದೆಲ್ಲ ನನ್ನ ಹೆಂಡತಿಯ ಮೂಲಕ. "ಅತ್ತೀ, ಮಾವಾರಿಗೆ ಚಾ ಆಗೈತಿ ಅಂತ ಹೇಳ್ರಿ" ಎನ್ನುವಳು. ನಾನು ಮೂರು ಮಾರು ದೂರದಲ್ಲಿ ಕೂತು ಆ ಚಹಾದ ವಾಸನೆ ಕುಡಿಯುತ್ತಿರುತ್ತಿದ್ದೆ.

ಮಗ ಹಗರಿಬೊಮ್ಮನಹಳ್ಳಿಯಲ್ಲಿ ಲೈನ್‌ಮ್ಯಾನ್. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುತ್ತಾನೆ. ಹಾಗಾಗಿ ಸೊಸೆಯನ್ನು ಕೂಡ್ಲಿಗಿ ರಸ್ತೆಯ ಜಿಮ್ಮಿಗೆ ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹೋದವನು ನಾನೇ.

ಕೋಚು ಅವಳನ್ನು ಮೇಲಿನಿಂದ ಕೆಳಗೆ ನೋಡಿ, "ಅಕ್ಕಾರ, ಹೆಣ್ಮಕ್ಕಳ ಟೈಮ್ ಹನ್ನೊಂದಕ್ಕ ಐತಿ. ಸೈಕಲ್ ತುಳೀರಿ, ಹೊಟ್ಟಿ ಕರಗತೈತಿ" ಎಂದ.

ಹೊಟ್ಟೆಯ ವಿಷಯ ಯಾರು ಕೇಳಿದ್ದರು? ಅವಳಿಗೆ ಹೊಟ್ಟೆ ಎಲ್ಲಿತ್ತು?

ಸೊಸೆ ತಗ್ಗಿದ ದನಿಯಲ್ಲಿ, "ಹಗ್ಗ ಬೇಕಾಗಿತ್ರಿ" ಎಂದಳು.

"ಅದು ಹುಡುಗರಿಗ್ರಿ. ನೀವು ಒಂದು ಸಲ ಎತ್ತಿದ್ರ ಹೆಗಲು ಕಳಚಿ ಕೈಗೆ ಬರತೈತಿ. ಆಮ್ಯಾಲ ರೊಟ್ಟಿ ಬಡಿಯೋರ್ಯಾರು?"

ಡಂಬೆಲ್ ಎತ್ತುತ್ತಿದ್ದ ಹುಡುಗರೆಲ್ಲ ಹಲ್ಲು ಕಿರಿದರು. ಸೊಸೆ ತಲೆ ಬಗ್ಗಿಸಿದಳು. ನನ್ನ ನೆತ್ತಿ ಬಿಸಿಯಾಯಿತು.

ಮೂಲೆಯಲ್ಲಿ ಆ ಹಗ್ಗ ಬಿದ್ದಿತ್ತು. ನಡುವನ್ನು ಒಂದು ಕಬ್ಬಿಣದ ಕಂಬಕ್ಕೆ ಸುತ್ತುಹಾಕಿ, ಎರಡು ತುದಿಗಳನ್ನು ಈಚೆ ಎಳೆದಿದ್ದರು. ಒಂದೊಂದು ತುದಿಯೂ ಮಗುವಿನ ತೋಳಿನಷ್ಟು ದಪ್ಪ. ನನಗೆ ನಗು ಬಂತು. ನಲವತ್ತು ವರ್ಷ ಕೊಟ್ಟೂರಿನ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿದವನು ನಾನು. ಲಾರಿಯ ಮೇಲೆ ಮೆಕ್ಕೆಜೋಳದ ಚೀಲಗಳನ್ನು ಒಟ್ಟಿದ ಮೇಲೆ ಈ ಬದಿಯಿಂದ ಆ ಬದಿಗೆ ಹಗ್ಗ ಎಸೆಯಬೇಕು. ಹತ್ತರಲ್ಲಿ ಎಂಟು ಸಲ ಅದು ಮೇಲೆ ಯಾವುದಾದರೂ ಚೀಲದ ಮೂಲೆಯ ಕಿವಿಗೆ ಸಿಕ್ಕಿಕೊಳ್ಳುತ್ತದೆ. ಹೊಸಬ ಆದರೆ ಬಿಡಿಸಲು ಮೇಲೆ ಹತ್ತುತ್ತಾನೆ. ಪಳಗಿದವನು ಕೆಳಗೇ ನಿಂತು ಹಗ್ಗಕ್ಕೆ ಒಂದು ಅಲೆ ಕೊಡುತ್ತಾನೆ. ಮಂಡಿ ಸ್ವಲ್ಪ ಬಗ್ಗಿಸಿ, ಸೊಂಟದಿಂದ ಎಬ್ಬಿಸಿ, ಮಣಿಕಟ್ಟಿನಲ್ಲಿ ಒಮ್ಮೆ ಝಾಡಿಸಿದರೆ ಆ ಅಲೆ ಹಾವಿನ ಹಾಗೆ ಹಗ್ಗದುದ್ದಕ್ಕೂ ಹತ್ತಿ ಹೋಗಿ, ಚೀಲದ ಕಿವಿ ಬಿಡಿಸಿ, ಆಚೆ ನಿಂತವನ ತಲೆಯ ಮೇಲೆ ಬೀಳುತ್ತದೆ. ಬೇಕೆಂದೇ ತಲೆಯ ಮೇಲೆ ಬೀಳಿಸುವಷ್ಟು ನಿಖರವಾಗಿ ಅಲೆ ಕೊಡುತ್ತಿದ್ದವನು ಇಡೀ ಯಾರ್ಡಿನಲ್ಲಿ ನಾನೊಬ್ಬನೇ.

"ಏನಪಾ ಪೈಲ್ವಾನಾ, ಈ ಲಾರಿ ಹಗ್ಗ ಎಲ್ಲಿ ಸಿಕ್ತು?" ಎಂದೆ.

"ಅಜ್ಜಾ, ಅದು ಫಾರಿನ್ ಮಾಲು. ಮುಟ್ಟಬ್ಯಾಡ, ಸೊಂಟ ಹಿಡಿದೀತು. ಹೊರಗ ಕುಂದ್ರು."

"ನೀನೊಂದು ತುದಿ, ನಾನೊಂದು ತುದಿ. ಮೊದ್ಲು ಯಾರು ನಿಲ್ಲಿಸ್ತಾರೋ ಅವ್ರು ಸೋತಂಗ. ನಾ ಗೆದ್ರ ನನ್ನ ಸೊಸಿ ಈ ಹಗ್ಗ ಹಿಡೀತಾಳ."

ಹುಡುಗರು ಹೋ ಎಂದರು. ಒಬ್ಬ ಮೊಬೈಲ್ ತೆಗೆದ. ಕೋಚು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ತುದಿ ಹಿಡಿದು ಹೆಗಲಿನಿಂದ ದಬದಬ ಹೊಡೆಯತೊಡಗಿದ. ನಾನು ನಿಧಾನಕ್ಕೆ ಅಲೆ ಕೊಟ್ಟೆ. ಒಂದೊಂದು ಅಲೆಯ ಕೊನೆಗೂ ನಾಲ್ಕು ಬೆರಳಿನಷ್ಟು ಹಗ್ಗವನ್ನು ಮೆಲ್ಲಗೆ ನನ್ನ ಕಡೆ ಎಳೆದುಕೊಂಡೆ. ಕಂಬಕ್ಕೆ ಬರೀ ಸುತ್ತು ಹಾಕಿದ ಹಗ್ಗ ಅದು, ನನ್ನ ಕಡೆ ಬಂದಷ್ಟೂ ಅವನ ಕಡೆ ಕಡಿಮೆಯಾಗಬೇಕಲ್ಲ. ಅವನಿಗೆ ಅದು ತಿಳಿಯಲೇ ಇಲ್ಲ. ಕನ್ನಡಿಯಲ್ಲಿ ತನ್ನ ತೋಳು ನೋಡಿಕೊಳ್ಳುತ್ತಾ ಒಂದೊಂದೇ ಹೆಜ್ಜೆ ಮುಂದೆ ಬಂದ. ಕೊನೆಗೆ ಅವನ ಕೈಯಲ್ಲಿ ಒಂದು ಮೊಳ ಹಗ್ಗ, ಮೂಗಿನ ಮುಂದೆ ಕಂಬ. ಹೊಡೆಯಲು ಹಗ್ಗವೇ ಇಲ್ಲ! ಜಿಮ್ಮು ಬಿದ್ದು ಬಿದ್ದು ನಕ್ಕಿತು.

ಅವನು ತುದಿಯನ್ನು ನೆಲಕ್ಕೆ ಬಡಿದು, "ಮೋಸ ಮಾಡ್ತೀಯೇನೋ ಮುದುಕಾ? ನಡಿ ಹೊರಗ! ನಿನ್ನ ಸೊಸೀನೂ ಕರ್ಕೊಂಡು ನಡಿ! ಇನ್ನೊಂದ್ಸಲ ಇಬ್ರೂ ಈ ಬಾಗಿಲ ತುಳಿಯಂಗಿಲ್ಲ" ಎಂದ.

ದಾರಿಯುದ್ದಕ್ಕೂ ನಾನು ಅವನನ್ನು ಬೈದೆ. ಮನೆಗೆ ಬಂದ ಮೇಲೆ ಅಡುಗೆಮನೆಯಿಂದ ಸೊಸೆಯ ದನಿ ಕೇಳಿಸಿತು. "ಅತ್ತೀ, ಮಾವಾರಿಗೆ ಕೇಳ್ರಿ, ಅವ್ರು ಗೆದ್ರು, ಚಲೋ ಆತು. ನಾನಿನ್ನ ಎಲ್ಲಿಗೆ ಹೋಗ್ಲಿ ಅಂತ."

ಊರಿಗೆ ಅದೊಂದೇ ಜಿಮ್ಮು. ನನ್ನ ಸಿಟ್ಟು ಕೋಚಿನ ಮೇಲಿಂದ ಜಾರಿ ನನ್ನ ಮೇಲೇ ಬಿತ್ತು. ಅದು ಬಿದ್ದ ಸದ್ದು ಯಾರಿಗೂ ಕೇಳದಿರಲಿ ಎಂದು ಇನ್ನಷ್ಟು ಜೋರಾಗಿ ಅವನನ್ನೇ ಬೈದೆ.

ಮಾರನೆಯ ದಿನ ಮಾರುಕಟ್ಟೆಗೆ ಹೋದೆ. ಈಗೆಲ್ಲ ನೈಲಾನ್ ಬಂದು, ಹಳೆಯ ತೆಂಗಿನ ನಾರಿನ ಲಾರಿ ಹಗ್ಗಗಳು ಗೋದಾಮಿನ ಮೂಲೆಯಲ್ಲಿ ಇಲಿಗಳಿಗೆ ಹಾಸಿಗೆಯಾಗಿವೆ. ಮೂರು ಉದ್ದದ ಹಗ್ಗ ಆರಿಸಿ ತಂದು, ಎರಡು ದಿನ ಹಿತ್ತಲಲ್ಲಿ ಕೂತು ಮೂರನ್ನೂ ಕೂಡಿಸಿ ಹೊಸೆದೆ. ಅಂಗೈ ಕಿತ್ತುಹೋಯಿತು. ಹಿಡಿಯುವ ತುದಿಗಳಿಗೆ ಹೆಂಡತಿಯ ಹಳೆಯ ಸೀರೆ ಹರಿದು ಸುತ್ತಿದೆ. ಕೇಳಿ ಹರಿಯಲಿಲ್ಲ, ಅದಕ್ಕೂ ಬೈಸಿಕೊಂಡೆ. ನಡುವನ್ನು ಇನ್ನೊಂದು ತುಂಡು ಹಗ್ಗದಿಂದ ಬೇವಿನ ಮರದ ಬುಡಕ್ಕೆ ಕಟ್ಟಿದೆ. ಜಿಮ್ಮಿನ ಹಗ್ಗಕ್ಕಿಂತ ಒಂದೂವರೆ ಪಟ್ಟು ಭಾರ!

ಈಗ ಹೊಸ ತೊಂದರೆ ಎದುರಾಯಿತು. ಸೊಸೆ ಗಂಡನ ಟ್ರ್ಯಾಕ್ ಪ್ಯಾಂಟು, ಅಂಗಿ ಹಾಕಿಕೊಂಡು ಹಗ್ಗ ಹೊಡೆಯಬೇಕು. ಸೆರಗಿಲ್ಲದೆ ಮಾವನೆದುರು ಹೇಗೆ ನಿಂತಾಳು? ಹೆಂಡತಿಯೇ ತೀರ್ಪು ಕೊಟ್ಟಳು. "ನೀವು ಗ್ವಾಡಿ ಕಡಿ ಮುಖ ಮಾಡಿ ಕುಂದ್ರಿ. ತಿರುಗಿ ನೋಡಿದ್ರ ನೋಡ್ರಿ ಮತ್ತ."

ನಗಬೇಡಿ. ನಾನು ದಿನಾ ಬೆಳಿಗ್ಗೆ ಹಿತ್ತಲ ಗೋಡೆಗೆ ಮುಖ ಮಾಡಿ ಕೂತು ಕೋಚಿಂಗ್ ಕೊಟ್ಟೆ. ಹಗ್ಗ ನೆಲಕ್ಕೆ ಬೀಳುವ ಸದ್ದೊಂದೇ ನನಗೆ ಸಾಕಾಗಿತ್ತು. ಹತ್ತಿರದಲ್ಲೇ 'ದಪ್' ಎಂದರೆ ಬರೀ ತೋಳಿನ ಹೊಡೆತ. ದೂರ, ಮರದ ಬುಡದಲ್ಲಿ 'ಛಟ್' ಎಂದರೆ ಅಲೆ ಪೂರ್ತಿ ಓಡಿದೆ ಎಂದರ್ಥ. "ಸೊಂಟ! ಸೊಂಟ!" ಎಂದು ಗೋಡೆಗೆ ಕೂಗುತ್ತಿದ್ದೆ. ಎರಡು ಕೈಯೂ ಒಟ್ಟಿಗೆ, ಆಮೇಲೆ ಒಂದಾದ ಮೇಲೊಂದು, ಆಮೇಲೆ ಕೂತೆದ್ದು ಕೂತೆದ್ದು. ಮೊದಲ ದಿನ ಇಪ್ಪತ್ತು ಹೊಡೆತಕ್ಕೆ ಏದುಸಿರು. ಎರಡು ವಾರಕ್ಕೆ ಇನ್ನೂರು. ತೋಳು ಸೋತು ಅವಳ ರೊಟ್ಟಿಗಳು ಮೂರು ಮೂಲೆ ಆಗತೊಡಗಿದವು. ನಾನು ಮೂಲೆ ಮುರಿದು ತಿಂದೆ.

ಮೂರನೆಯ ವಾರದ ಒಂದು ಬೆಳಿಗ್ಗೆ, ಪರೀಕ್ಷೆಗೆ ಇನ್ನು ಐದು ವಾರ ಇರುವಾಗ, ಅವಳಿಗೆ ರೊಚ್ಚು ಬರಲೆಂದು ಕೆಣಕಿದೆ. "ಚಿಗಟೇರಿ ಹೆಣ್ಮಕ್ಕಳ ತೋಳು ಹಪ್ಪಳ ಒತ್ತಾಕಷ್ಟ ಏನು?" ಎಂದು ನಾನೇ ಜೋರಾಗಿ ನಕ್ಕೆ. ಬೆನ್ನ ಹಿಂದೆ ಹಗ್ಗ ಎಂದೂ ಇಲ್ಲದಷ್ಟು ಜೋರಾಗಿ ಛಟ್ ಎಂದಿತು. ಎರಡು, ಮೂರು. ಆಮೇಲೆ ಛಟ್ ಬರಲಿಲ್ಲ. ಏನೋ ಧೊಪ್ ಎಂದು ಬಿದ್ದ ಸದ್ದು, ಒಂದು ಚೀರು.

ತಿರುಗಿ ನೋಡಿದೆ. ಮರದ ಬುಡದ ಗಂಟು ಬಿಚ್ಚಿಹೋಗಿತ್ತು. ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತಿದ್ದವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದಿದ್ದಳು. ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು. ಗುಂಡು ಎಸೆಯುವ ಕೈ.

ಹೆಂಡತಿ ಓಡಿ ಬಂದಳು. "ನಗಾಕ ಹತ್ತೀರೇನ್ರಿ? ಆಕಿ ಬಿದ್ದಾಳ, ನೀವು ನಗಾಕ ಹತ್ತೀರಿ?"

ನಾನು ನಕ್ಕಿದ್ದು ಅದಕ್ಕಲ್ಲ ಎನ್ನುವಷ್ಟರಲ್ಲಿ ಸೊಸೆ ಎದ್ದು ನಿಂತಳು. ತಲೆಯ ಮೇಲೆ ಸೆರಗಿಲ್ಲ, ನಡುವೆ ಅತ್ತೆಯೂ ಇಲ್ಲ. ಆರು ವರ್ಷದಲ್ಲಿ ಮೊದಲ ಸಲ ನನ್ನ ಕಣ್ಣಿಗೆ ಕಣ್ಣಿಟ್ಟಳು.

"ಮಾವಾರ, ನಿಮ್ಮ ಆಟಕ್ಕ ನನ್ನ ಕೈ ಬೇಕಾಗಿತ್ತೇನ್ರಿ?"

"ಆಟ ಅಲ್ಲವ್ವಾ. ಗಂಟು ತಾನ ಬಿಚ್ಚೈತಿ."

"ನೀವು ಹಾಕಿದ ಗಂಟು ತಾನ ಬಿಚ್ಚೈತಿ? ಊರಾಗ ಯಾರಿಗಾದ್ರೂ ಹೇಳ್ರಿ, ನಂಬತಾರೇನು ನೋಡೋಣ."

ಯಾರೂ ನಂಬಲಿಲ್ಲ, ಕುಚೇಷ್ಟೆಗೆ ಹೆಸರಾದವನನ್ನು ಯಾರು ನಂಬಿಯಾರು? ಮಲಗಿದ್ದ ಹಮಾಲರ ಪಂಚೆಗಳನ್ನು ಒಂದಕ್ಕೊಂದು ಗಂಟು ಹಾಕಿ, "ಲಾರಿ ಬಂತಲೇ" ಎಂದು ಕೂಗಿ ಓಡಿದವನು ನಾನು. ದಲಾಲಿ ಅಂಗಡಿಯ ಗುಮಾಸ್ತನ ಕೊಡೆಯಲ್ಲಿ ಬೂದಿ ತುಂಬಿಟ್ಟವನು ನಾನು. ಮಗ ಫೋನಿನಲ್ಲೇ, "ಅಪ್ಪಾ, ಒಂದ್ಸಲನಾದ್ರೂ ಸುಮ್ನಿರಾಕ ಬರಲ್ಲೇನು ನಿನಗ?" ಎಂದು ಇಟ್ಟುಬಿಟ್ಟ.

ನಿಜ ಏನೆಂದರೆ, ನಾನು ಹಾಕಿದ್ದು ಹಮಾಲರ ಗಂಟು. ಲಾರಿ ಊರು ಮುಟ್ಟಿದ ಮೇಲೆ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳಲಿ ಎಂದು ಹಾಕುವ ಗಂಟು ಅದು. ಭಾರ ಬಿದ್ದಷ್ಟೂ ಬಿಗಿಯಾಗುತ್ತದೆ, ಆದರೆ ಈಚೆ ಬಿಟ್ಟಿರುವ ಬಾಲವನ್ನು ಜಗ್ಗಿದರೆ ಸಾಕು, ಸಡಿಲಾಗುತ್ತದೆ. ನಲವತ್ತು ವರ್ಷ ಬೇರೆ ಗಂಟನ್ನೇ ಹಾಕದ ಬೆರಳು ಮರಕ್ಕೂ ಅದನ್ನೇ ಹಾಕಿತ್ತು. ಲಾರಿಯ ಹಗ್ಗ ಕಟ್ಟಿದ ಮೇಲೆ ಅಲ್ಲಾಡುವುದಿಲ್ಲ, ಈ ಹಗ್ಗ ದಿನಾ ಇನ್ನೂರು ಸಲ ಬಂದು ಆ ಬಾಲವನ್ನು ಬಡಿಯುತ್ತಿತ್ತು. ಅಷ್ಟು ಹೊಳೆಯಲಿಲ್ಲವಲ್ಲ ನನ್ನ ತಲೆಗೆ! ಸುಳ್ಳು ಹೇಳಿ ಹೇಳಿ ಊರನ್ನೆಲ್ಲ ನಂಬಿಸಿದ ಬಾಯಿ, ನಿಜ ಹೇಳಿ ಒಬ್ಬಳನ್ನೂ ನಂಬಿಸಲಾರದೆ ಹೋಯಿತು. ಆ ಸಿಟ್ಟಿಗೆ ಬೇವಿನ ಮರವನ್ನು ಒದ್ದು ಹೆಬ್ಬೆರಳ ಉಗುರು ಕಳೆದುಕೊಂಡೆ.

ಮೂಳೆ ಮುರಿದಿಲ್ಲ, ಉಳುಕಿದೆ, ಹನ್ನೆರಡು ದಿನ ಕೈ ಅಲ್ಲಾಡಿಸಬಾರದು ಎಂದರು ಡಾಕ್ಟರು. ಆ ಹನ್ನೆರಡು ದಿನವೂ ಸೊಸೆ ಬೆಳಿಗ್ಗೆ ಎದ್ದು, ಕೈಗೆ ಪಟ್ಟಿ ಕಟ್ಟಿಕೊಂಡೇ ಓಡಿ ಬಂದಳು. ನನ್ನ ಕಡೆ ನೋಡಲಿಲ್ಲ. ಹದಿಮೂರನೆಯ ದಿನ ಹಿತ್ತಲಿನಿಂದ 'ದಪ್' ಎಂದು ಕೇಳಿಸಿತು. ಎದ್ದು ಹೊರಟವನನ್ನು ಹೆಂಡತಿ ಬಾಗಿಲಲ್ಲೇ ತಡೆದಳು.

"ನೀವು ಬರೂದು ಬ್ಯಾಡಂತ. ಗಂಟು ಆಕೀನ ಹಾಕ್ಯಾಳ."

ಪಡಸಾಲೆಯಲ್ಲಿ ಕೂತೆ. ದಪ್, ದಪ್, ದಪ್. ಎಲ್ಲಾ ತೋಳಿನ ಹೊಡೆತ, ನೋವಿಗೆ ಹೆದರಿ ಸೊಂಟ ಬಿಟ್ಟಿದ್ದಳು. ಹೀಗೇ ಆದರೆ ಹೆಗಲು ಹೋಗುತ್ತದೆ. ತಡೆದೆ, ತಡೆದೆ, ಕೊನೆಗೆ ಹಲ್ಲು ಕಚ್ಚಿಕೊಂಡು ಹೆಂಡತಿಗೆ ಹೇಳಿದೆ. "ಆಕಿಗೆ ಹೇಳು, ಸೊಂಟದಿಂದ ಎಬ್ಬಿಸು ಅಂತ. ಮಂಡಿ ಬಗ್ಗಿಸು ಅಂತ."

ಹೆಂಡತಿ ಹೋಗಿ ಬಂದಳು. "ಗೊತ್ತೈತಂತ."

ನನ್ನ ಮನೆಯಲ್ಲಿ, ನನ್ನ ಹಗ್ಗದ ಬಗ್ಗೆ ಹೇಳಲು ನನಗೇ ಮಧ್ಯಸ್ಥಿಕೆ ಬೇಕಾಯಿತು! ಆದರೂ ನಾಲ್ಕಾರು ಹೊಡೆತದ ಮೇಲೆ ದೂರದಲ್ಲಿ 'ಛಟ್' ಎಂದಿತು. ಕೂತಲ್ಲೇ ಅಂಗೈಯಿಂದ ತೊಡೆ ತಟ್ಟಿಕೊಂಡೆ.

ಮಧ್ಯಾಹ್ನ ಅವಳು ಮಗಳನ್ನು ಅಂಗನವಾಡಿಯಿಂದ ಕರೆತರಲು ಹೋದಾಗ ಮರದ ಹತ್ತಿರ ಹೋದೆ. ಏಳೆಂಟು ಸುತ್ತು ಸುತ್ತಿ, ಗಂಟಿನ ಮೇಲೆ ಗಂಟು ಬಿಗಿದಿದ್ದಳು. ನೋಡಲು ದನದ ಸಗಣಿಯ ಕುಪ್ಪೆಯ ಹಾಗಿತ್ತು. ಗಟ್ಟಿ ಇದೆಯೇ ಎಂದು ಪರೀಕ್ಷೆ ಮಾಡಲು ಮಾತ್ರ ಬಿಚ್ಚಲು ನೋಡಿದೆ. ಬಾಯಿ ಹಾಕಿದರೂ ಬಿಚ್ಚಲಿಲ್ಲ.

ಪರೀಕ್ಷೆ ಹೊಸಪೇಟೆಯಲ್ಲಿ. ಮಗನಿಗೆ ರಜೆ ಸಿಗಲಿಲ್ಲ. ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ, ನಾನು ಇನ್ನೊಂದು ಸಾಲಿನಲ್ಲಿ. ಜಗಳವಾದ ಮೇಲೆ ಸೆರಗು ತಲೆಗೆ ಬರುವುದು ನಿಂತಿತ್ತು. ಮಾತು ಮಾತ್ರ ಬೇಕಾದಷ್ಟೇ. "ನೀರಿನ ಬಾಟ್ಲಿ ಕೊಡ್ರಿ ಮಾವಾರ." ಅಷ್ಟೇ.

ಓಟ ಆಯಿತು, ಜಿಗಿತ ಆಯಿತು. ಗುಂಡಿಗೆ ಮೂರು ಅವಕಾಶ. ಮೊದಲನೆಯದು ಗೆರೆಗಿಂತ ಈಚೆ. ಎರಡನೆಯದಕ್ಕೆ ಮಣಿಕಟ್ಟು ಚುಳ್ ಎಂದು ಇನ್ನೂ ಈಚೆ ಬಿತ್ತು. ಮೂರನೆಯದಕ್ಕೆ ಅವಳು ಗುಂಡನ್ನು ಕತ್ತಿಗೆ ಒತ್ತಿಕೊಂಡು ನಿಂತಾಗ, ನಾನು ಮೈದಾನದ ಗೋಡೆ ಹತ್ತಿ, "ಏನವ್ವಾ, ಹಪ್ಪಳ ಒತ್ತಾಕ ಬಂದೀಯೇನು?" ಎಂದು ಕೂಗಿದೆ. ಅವಳು ಒಮ್ಮೆ ತಿರುಗಿ ನನ್ನನ್ನು ಸುಡುವ ಹಾಗೆ ನೋಡಿದಳು. ಮಂಡಿ ಬಗ್ಗಿಸಿದಳು, ಸೊಂಟ ತಿರುಗಿಸಿದಳು. ಗುಂಡು ಗೆರೆ ದಾಟಿ ನಾಲ್ಕು ಬೆರಳು ಆಚೆ ಬಿತ್ತು.

ನಾಲ್ಕು ಬೆರಳು ಸಾಕು, ಪೊಲೀಸಾಗಲು. ಈಗ ತರಬೇತಿಯಲ್ಲಿದ್ದಾಳೆ.

ಇಲ್ಲಿಗೆ ನನ್ನ ಸಿಟ್ಟು ಇಳಿಯಬೇಕಿತ್ತು. ಆಯ್ಕೆಯ ಪಟ್ಟಿ ಬಂದ ವಾರಕ್ಕೆ ಕೂಡ್ಲಿಗಿ ರಸ್ತೆಯಲ್ಲಿ ಒಂದು ಫ್ಲೆಕ್ಸು ಎದ್ದಿತು. ನನ್ನ ಸೊಸೆಯ ಫೋಟೋ, ಪಕ್ಕದಲ್ಲಿ ಕೈಕಟ್ಟಿಕೊಂಡ ಕೋಚು, ಮೇಲೆ 'ನಮ್ಮ ಜಿಮ್ಮಿನ ಹೆಮ್ಮೆಯ ಶಿಷ್ಯೆಗೆ ಹಾರ್ದಿಕ ಅಭಿನಂದನೆಗಳು'. ಕುಡುಗೋಲು ಹಿಡಿದೇ ಹೋದೆ.

"ಅಜ್ಜಾರ, ಅಜ್ಜಾರ, ಸಿಟ್ಟಾಗಬ್ಯಾಡ್ರಿ. ಊರಿನ ಹೆಣ್ಮಗಳು ಅಂತ ಅಭಿಮಾನಕ್ಕ ಹಾಕೀವಿ" ಎಂದ ಕೋಚು. ಈಗ ಅಜ್ಜಾರು!

"ಹಗ್ಗ ಮುಟ್ಟಾಕ ಬಿಡಲಿಲ್ಲ, ಫೋಟೋ ಮುಟ್ಟಾಕ ಹೆಂಗ ಬಂತಲೇ ಕೈ?"

ಹರಿದು ಚಿಂದಿ ಮಾಡುವ ಮೊದಲು, ಅವಳ ಮುಖದ ಮೇಲೆ ಕುಡುಗೋಲು ಓಡಿಸಲು ಮನಸ್ಸು ಬಾರದೆ ಫೋನು ಮಾಡಿದೆ. ಅವಳು ಕೇಳಿಸಿಕೊಂಡು, "ಹರೀಬ್ಯಾಡ್ರಿ ಮಾವಾರ. ಬಿಚ್ಚಿ ಮನಿಗೆ ತರ್ರಿ, ಕಟ್ಟಿಗಿ ಒಟ್ಟಿನ ಮ್ಯಾಲ ಹೊದಿಸಾಕ ಆಗತೈತಿ" ಎಂದಳು. ಬಿಚ್ಚಿ ತಂದೆ. ಕೋಚು ಇರುವ ಭಾಗವನ್ನು ಕೆಳಗೆ ಮಡಿಚಿ ಹೊದಿಸಿದ್ದೇನೆ.

ಇನ್ನೊಂದು ಮಾತು ಉಳಿದಿದೆ. ಮೇಲೆ ಬರೆದದ್ದರಲ್ಲಿ ಒಂದನ್ನು ಮಾತ್ರ ಕಟ್ಟಿ ಹೇಳಿದ್ದೇನೆ. ಅದು ಜಿಮ್ಮಿನ ಕಂಬದ್ದಲ್ಲ, ಮರದ ಗಂಟಿನದ್ದಲ್ಲ. ಹೊಸಪೇಟೆಯಲ್ಲಿ ನಾನು ಗೋಡೆ ಹತ್ತಿ ಕೂಗಲಿಲ್ಲ. ಜೊತೆಗೆ ಬಂದವರನ್ನೆಲ್ಲ ದೊಡ್ಡ ಗೇಟಿನಲ್ಲೇ ನಿಲ್ಲಿಸಿದ್ದರು. ಮೈದಾನಕ್ಕೂ ನಮಗೂ ನಡುವೆ ಎರಡು ಕಟ್ಟಡ. ಏನೂ ಕಾಣಲಿಲ್ಲ, ಏನೂ ಕೇಳಲಿಲ್ಲ. ಮೂರು ಎಸೆತದ ಕಥೆಯನ್ನೂ ಅವಳೇ ಆಮೇಲೆ ಬಸ್ಸಿನಲ್ಲಿ ಹೇಳಿದ್ದು. ಮೂರನೆಯ ಸಲ ಗುಂಡು ಹಿಡಿದು ನಿಂತಾಗ ಏನು ನೆನಪಾಯಿತವ್ವಾ ಎಂದು ಆಸೆಯಿಂದ ಕೇಳಿದೆ. "ಏನೂ ಇಲ್ರಿ, ಗೆರಿ ನೋಡಿದೆ, ಒಗದೆ" ಎಂದಳು. ಆ ಎಸೆತದಲ್ಲಿ ನನಗೂ ಒಂದಿಷ್ಟು ಜಾಗ ಇರಲಿ ಎಂದು ಗೋಡೆ ಹತ್ತಿದೆ, ಇಲ್ಲಿ, ಕಾಗದದ ಮೇಲೆ.